ಕಾದಂಬರಿಕಾರ ವೈದ್ಯ ರಾಬಿನ್ ಕುಕ್

ವೈದ್ಯರು ಕಥೆಗಾರರಾದುದು ಹೊಸ ಸಂಗತಿಯೇನಲ್ಲ. ರಷ್ಯದ ಚೆಕಾಫ್, ಷರ್ಲಾಕ್ ಹೋಮ್ಸನನ್ನು ಸೃಷ್ಟಿಸಿದ ಕಾನನ್ ಡಾಯ್ಲ್ ಇಬ್ಬರೂ ವೈದ್ಯರೇ. ಆದರೆ ಆಸ್ಪತ್ರೆಯನ್ನೇ ಭಯದ ತಾಣವನ್ನಾಗಿ ಮಾಡಿ, ಆ ಭಯದ ಮೂಲಕವೇ ವೈದ್ಯವಿಜ್ಞಾನವನ್ನು ಸಾಮಾನ್ಯ ಓದುಗರಿಗೆ ತಿಳಿಸಹೊರಟವರಲ್ಲಿ ಅಮೆರಿಕೆಯ ರಾಬಿನ್ ಕುಕ್ ಪ್ರಮುಖರು. ಇದು ಅವರ ಕೀರ್ತಿಯೂ ಹೌದು, ಕೆಲವರ ದೃಷ್ಟಿಯಲ್ಲಿ ಅಪಕೀರ್ತಿಯೂ ಹೌದು.

1940ರಲ್ಲಿ ನ್ಯೂಯಾರ್ಕಿನಲ್ಲಿ ಜನಿಸಿದ ಕುಕ್ 1966ರಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯದ ವೈದ್ಯಪದವಿ ಪಡೆದರು. ಹವಾಯಿಯಲ್ಲಿ ಶಸ್ತ್ರಚಿಕಿತ್ಸೆಯ ತರಬೇತಿ, ಅನಂತರ ನೌಕಾದಳದ ಸೇವೆ. ಜಲಾಂತರ್ಗಾಮಿ ನೌಕೆಯಲ್ಲಿದ್ದಾಗ ಬರೆದ ಅವರ ಪ್ರಥಮ ಕಾದಂಬರಿ 'ದಿ ಇಯರ್ ಆಫ್ ದಿ ಇಂಟರ್ನ್' 1972ರಲ್ಲಿ ಪ್ರಕಟವಾಯಿತು. ನಿದ್ರೆಗೆಟ್ಟು ದುಡಿಯುವ ಕಿರಿಯ ವೈದ್ಯನ ಬವಣೆಯನ್ನು ಅದು ಉಪ್ಪುಖಾರ ಹಚ್ಚದೆ ನಿರೂಪಿಸಿತ್ತು. ಬಹುಶಃ ಅದರಿಂದಲೇ ಜನ ಅದನ್ನು ಅಷ್ಟಾಗಿ ಗಮನಿಸಲಿಲ್ಲ. ಕುಕ್ ನಿರಾಶರಾಗಿ ಕೂಡಲಿಲ್ಲ. ರೋಗದ ಮೂಲವನ್ನು ಅರಸುವ ವೈದ್ಯನಂತೆಯೇ ಜನಪ್ರಿಯ ಕಾದಂಬರಿಗಳ ರಾಶಿಯನ್ನು ಮುಂದಿಟ್ಟುಕೊಂಡು, ಓದುಗನನ್ನು ಹಿಡಿದು ನಿಲ್ಲಿಸುವ ಗುಣ ಯಾವುದೆಂದು ಪರೀಕ್ಷಿಸಿದರು. ಅದರ ಫಲವೇ 1977ರಲ್ಲಿ ಹೊರಬಂದ 'ಕೋಮಾ'.

ಬಾಸ್ಟನ್ನಿನ ಒಂದು ಕಲ್ಪಿತ ಆಸ್ಪತ್ರೆ. ಸಾಮಾನ್ಯ ಶಸ್ತ್ರಚಿಕಿತ್ಸೆಗೆಂದು ಬಂದ ಆರೋಗ್ಯವಂತ ತರುಣರು ಅರಿವಳಿಕೆಯಿಂದ ಎಚ್ಚರಗೊಳ್ಳುವುದೇ ಇಲ್ಲ. ಎಲ್ಲ ದುರಂತಗಳೂ ಎಂಟನೆಯ ಸಂಖ್ಯೆಯ ಕೊಠಡಿಯಲ್ಲೇ ನಡೆದಿವೆಯೆಂಬುದನ್ನು ವೈದ್ಯವಿದ್ಯಾರ್ಥಿನಿ ಸೂಸನ್ ವೀಲರ್ ಪತ್ತೆಮಾಡುತ್ತಾಳೆ. ಅಲ್ಲಿ ಆಮ್ಲಜನಕದ ಕೊಳವೆಗೆ ಗುಟ್ಟಾಗಿ ಕಾರ್ಬನ್ ಮಾನಾಕ್ಸೈಡ್ ಬೆರೆಸಲಾಗುತ್ತಿತ್ತು. ಕಥೆಯ ಜೀವಾಳವಿರುವುದು ಈ ಅನಿಲದ ಗುಣದಲ್ಲಿ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಬಿಗಿದಪ್ಪುತ್ತದೆ. ಮಿದುಳು ಉಸಿರಿಲ್ಲದೆ ಸಾಯುತ್ತಿದ್ದರೂ ರಕ್ತ ನೀಲಿಗಟ್ಟದೆ ಕೆಂಪಾಗಿಯೇ ಉಳಿಯುವುದರಿಂದ ಶಸ್ತ್ರವೈದ್ಯನ ಕಣ್ಣಿಗೆ ಅಪಾಯ ಗೋಚರಿಸದು. ಹೀಗೆ ಮಿದುಳು ಸತ್ತ ದೇಹಗಳ ಅಂಗಾಂಗಗಳು ಹಣವಂತರಿಗೆ ಮಾರಾಟವಾಗುತ್ತವೆ.

ಇದು ಬರಿಯ ಕಟ್ಟುಕಥೆಯೆನ್ನಬಹುದು. ಸಂಚಿನ ವಿವರಗಳು ನಂಬಲಸಾಧ್ಯವೂ ಹೌದು. ಆದರೆ ಹಿನ್ನೆಲೆ ಸುಳ್ಳಲ್ಲ. 1967ರಲ್ಲಿ ಕ್ರಿಸ್ಟಿಯಾನ್ ಬರ್ನಾರ್ಡ್ ಮನುಷ್ಯನ ಹೃದಯವನ್ನು ಕಸಿಮಾಡಿದ್ದರು. 1968ರಲ್ಲಿ ಹಾರ್ವರ್ಡಿನ ಸಮಿತಿಯೊಂದು ಮಿದುಳಿನ ಸಾವಿನ ಲಕ್ಷಣಗಳನ್ನು ನಿರೂಪಿಸಿತ್ತು. ಬೇಡಿಕೆಗೆ ತಕ್ಕಷ್ಟು ಅಂಗಗಳಿರಲಿಲ್ಲ. ಅಂಗಗಳ ಕ್ರಯವಿಕ್ರಯವನ್ನು ಅಮೆರಿಕ ಶಾಸನದಿಂದ ನಿಷೇಧಿಸಿದುದು 1984ರಲ್ಲಿ, ಭಾರತ 1994ರಲ್ಲಿ. ಕಾದಂಬರಿ ಈ ಪ್ರಶ್ನೆಯನ್ನು ಅದಕ್ಕೂ ಮೊದಲೇ ಮನೆಮನೆಗೆ ಒಯ್ದಿತ್ತು. 1978ರಲ್ಲಿ ಅದನ್ನು ಚಲನಚಿತ್ರವಾಗಿ ನಿರ್ದೇಶಿಸಿದ ಮೈಕೆಲ್ ಕ್ರೈಟನ್ ಕೂಡ ಹಾರ್ವರ್ಡಿನ ವೈದ್ಯ ಪದವೀಧರರೆಂಬುದು ಸ್ವಾರಸ್ಯಕರ.

ಮುಂದೆ ಕುಕ್ ಹಿಡಿದ ಮಾರ್ಗ ಇದೇ. 'ಔಟ್‌ಬ್ರೇಕ್' (1987) ಎಬೋಲಾ ವ್ಯಾಧಿಯನ್ನೂ, 'ಟಾಕ್ಸಿನ್' (1998) ಮಾಂಸದ ಮೂಲಕ ಹರಡುವ ವಿಷಾಣುಜೀವಿಯನ್ನೂ, 'ಫಾರಿನ್ ಬಾಡಿ' (2008) ಚಿಕಿತ್ಸೆಗೆಂದು ದೆಹಲಿಗೆ ಬರುವ ವಿದೇಶೀಯರನ್ನೂ ಕುರಿತವು. ಪಾತ್ರಗಳು ಸಪ್ಪೆ, ಕಥೆಯ ಅಚ್ಚು ಒಂದೇ ಎಂಬ ಆಕ್ಷೇಪಣೆ ನ್ಯಾಯವಾದುದೇ. ಮರುದಿನ ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಾದ ರೋಗಿಯ ಕೈಗೆ 'ಕೋಮಾ'ವನ್ನು ಕೊಡಲು ಯಾರೂ ಒಪ್ಪಲಾರರು. ಆದರೂ ಸತ್ಯವನ್ನು ನೇರವಾಗಿ ಹೇಳಿದಾಗ ಕಿವಿಗೊಡದ ಓದುಗರೇ ಭಯಪಡಿಸಿದಾಗ ಕಿವಿಗೊಟ್ಟರೆಂಬ ದೋಷವನ್ನು ಲೇಖಕರೊಬ್ಬರ ಮೇಲೆಯೇ ಹೊರಿಸುವುದು ಸರಿಯಲ್ಲ.

ಕುಕ್ ನೇತ್ರವೈದ್ಯರು; ಬಾಸ್ಟನ್ನಿನ ಕಣ್ಣು-ಕಿವಿಗಳ ಪ್ರಸಿದ್ಧ ಚಿಕಿತ್ಸಾಲಯದಲ್ಲಿ ಪಳಗಿದವರು. ಲಕ್ಷಾಂತರ ಪ್ರತಿಗಳು ಮಾರಾಟವಾದ ಮೇಲೂ ಅವರ ಪುಸ್ತಕಗಳ ಲೇಖಕ ಪರಿಚಯದಲ್ಲಿ, ಅವರು ಆ ಚಿಕಿತ್ಸಾಲಯದಿಂದ ರಜೆಯ ಮೇಲಿದ್ದಾರೆಂದೇ ಬಹುಕಾಲ ಅಚ್ಚಾಗುತ್ತಿತ್ತು.