ತೋಟದೊಳಗಿನ ಆಕಾಶಯಂತ್ರಗಳು

ಟಿ.ವಿ.ಯಲ್ಲಿ ದೆಹಲಿಯ ಜಂತರ್ ಮಂತರ್ ಹೆಸರು ಕೇಳಿದರೆ ಧರಣಿ, ಘೋಷಣೆ, ಬ್ಯಾರಿಕೇಡು ಕಣ್ಣಮುಂದೆ ಬರುತ್ತವೆ. ಅದೆಲ್ಲ ಪಕ್ಕದ ರಸ್ತೆಯ ಮಾತು. ಕಾಂಪೌಂಡಿನ ಒಳಗಿರುವುದು ಹುಲ್ಲುಹಾಸು, ತಾಳೆಯ ಜಾತಿಯ ಎತ್ತರದ ಮರಗಳು, ನಡುವೆ ಕೆಂಪು ಬಣ್ಣದ ಭಾರೀ ಕಟ್ಟಡಗಳು. ಆಕಾಶ ಅಳೆಯಲೆಂದೇ ಸುಮಾರು 300 ವರ್ಷಗಳ ಹಿಂದೆ ಕಟ್ಟಿದ ಯಂತ್ರಗಳಿವು.

ಮೊಗಲ್ ದೊರೆ ಮುಹಮ್ಮದ್ ಷಾನ ಕಾಲ. ಆಕಾಶಕಾಯಗಳ ಚಲನೆಯ ಹಳೆಯ ಕೋಷ್ಟಕಗಳ ಲೆಕ್ಕಕ್ಕೂ ಆಕಾಶದಲ್ಲಿ ಕಾಣುವುದಕ್ಕೂ ತಾಳೆಯಾಗುತ್ತಿರಲಿಲ್ಲ. ಆಮೇರಿನ ರಾಜ ಎರಡನೇ ಸವಾಯಿ ಜೈಸಿಂಗ್‌ನಿಗೆ ಇದು ಸಹಿಸಲಾಗದ ಸಂಗತಿ. ಮೊದಲು ಹಿತ್ತಾಳೆಯ ಯಂತ್ರಗಳನ್ನು ಮಾಡಿಸಿ ನೋಡಿದ. ಅವು ಚಿಕ್ಕವು, ಅಚ್ಚು ಸವೆದು ಕೇಂದ್ರ ಸರಿಯುತ್ತಿತ್ತು. ಹಾಗಾಗಿ ಕಲ್ಲು, ಗಾರೆಯ ಮೊರೆಹೊಕ್ಕ. 1724ರ ಹೊತ್ತಿಗೆ ದೆಹಲಿಯ ವೀಕ್ಷಣಾಲಯ ಎದ್ದಿತು. ಜೈಪುರ, ಉಜ್ಜಯಿನಿ, ಮಥುರಾ, ವಾರಾಣಸಿಗಳಲ್ಲೂ ಕಟ್ಟಿಸಿದ.

ದೆಹಲಿಯಲ್ಲಿರುವ ಸಮ್ರಾಟ್ ಯಂತ್ರ ಎಂಬ ನೆರಳುಗಡಿಯಾರ ಸುಮಾರು 21 ಮೀಟರ್ ಎತ್ತರ. ಅದರ ಓರೆಗೋಡೆ ನೇರ ಧ್ರುವದತ್ತ ಮುಖಮಾಡಿದೆ. ಗೋಡೆಯ ನೆರಳು ಪಕ್ಕದ ಕಮಾನಿನ ಮೇಲೆ ನಿಮಿಷಕ್ಕೆ ಸುಮಾರು 6 ಸೆಂಟಿಮೀಟರ್ ಸರಿಯುತ್ತದೆ. ತಾಳ್ಮೆಯಿಂದ ನಿಂತರೆ ಚಲನೆ ಬರಿಗಣ್ಣಿಗೇ ಕಾಣುತ್ತದೆ. ನನಗೆ ಹೆಚ್ಚು ಇಷ್ಟವಾದದ್ದು ರಾಮ ಯಂತ್ರ. ದುಂಡನೆಯ ಎರಡು ಕಟ್ಟಡಗಳ ಜೋಡಿ. ಒಂದರಲ್ಲಿ ಅಳತೆಪಟ್ಟಿ ಇರುವಲ್ಲಿ ಇನ್ನೊಂದರಲ್ಲಿ ಬರಿ ಸಂದು. ಆ ಸಂದಿನಲ್ಲಿ ನಿಂತು ನಕ್ಷತ್ರಕ್ಕೆ ಕಣ್ಣಿಡಬಹುದು. ಇಲ್ಲಿ ತಪ್ಪಿದ ಅಳತೆ ಅಲ್ಲಿ ಸಿಗುತ್ತದೆ. ನೋಡುವವನ ಮೈಗೂ ಜಾಗ ಇಟ್ಟು ಯೋಚಿಸಿದ ಬುದ್ಧಿ ಎಷ್ಟು ದೊಡ್ಡದು!

1743ರಲ್ಲಿ ಜೈಸಿಂಗ್ ತೀರಿಕೊಂಡ. ಮಥುರಾದ್ದು ಹೇಳಹೆಸರಿಲ್ಲದಂತಾಯಿತು. ದೆಹಲಿಯದು ಪಾಳುಬಿದ್ದಿತ್ತು, ಜೈಪುರದ ಅರಸರು 1852ರಲ್ಲಿ, ಮತ್ತೆ 1910ರಲ್ಲಿ ದುರಸ್ತಿ ಮಾಡಿಸಿದರು. ಮುಂದೆ ಹೊಸದೆಹಲಿ ಸುತ್ತ ಬೆಳೆಯಿತು, ವೀಕ್ಷಣಾಲಯ ಉದ್ಯಾನವಾಯಿತು. 1982ರ ಏಷ್ಯನ್ ಕ್ರೀಡಾಕೂಟದ ಲಾಂಛನದಲ್ಲೂ ಅದರ ಚಿತ್ರವಿತ್ತು.

ಉದ್ಯಾನವಾದದ್ದರಿಂದಲೇ ಅದು ಉಳಿಯಿತು, ನಿಜ. ಆದರೆ ಗಾರೆ, ಬಣ್ಣಗಳಡಿ ಅಳತೆಗೆರೆಗಳು ಬಹುಪಾಲು ಮಾಸಿವೆ. ಸುತ್ತಲಿನ ಎತ್ತರದ ಕಟ್ಟಡಗಳು ದಿಗಂತವನ್ನು ನುಂಗಿವೆ. ಆ ಕಟ್ಟಡಗಳನ್ನು ಕೆಡವಲಾಗದು, ಆದರೆ ಗೆರೆಗಳನ್ನು ಮತ್ತೆ ಮೂಡಿಸುವುದು ಆಗದ ಕೆಲಸವೇನಲ್ಲ. ಜೈಪುರದಲ್ಲಿ 1901–02ರಲ್ಲೇ ಅಂಥ ಜೀರ್ಣೋದ್ಧಾರ ನಡೆದಿತ್ತು. ಹಿಂದಿಯ ಹೆಸರಾಂತ ಕಥೆಗಾರ ಚಂದ್ರಧರ ಶರ್ಮಾ ಗುಲೇರಿ ಅದರಲ್ಲಿ ದುಡಿದಿದ್ದರು. ದೆಹಲಿಯಲ್ಲೂ ನೆಹರೂ ತಾರಾಲಯದ ನಿರ್ದೇಶಕಿಯಾಗಿದ್ದ ನಂದಿವಾಡ ರತ್ನಶ್ರೀ ವಿದ್ಯಾರ್ಥಿಗಳನ್ನು ಕರೆತಂದು ಇವೇ ಯಂತ್ರಗಳಿಂದ ಆಕಾಶ ಅಳೆಯುವುದನ್ನು ಕಲಿಸಿದರು.