ಕಿವಿಗೊಟ್ಟು ಕಲಿತ ಭಾಷೆ

ನಗರದ ಒಂದು ಸಾಧಾರಣ ಮನೆಯನ್ನು ಕಲ್ಪಿಸಿಕೊಳ್ಳಿರಿ. ಯಜಮಾನರು ಲೆಕ್ಕಪತ್ರಗಳಿಗಾಗಿ ವಿಂಡೋಸ್ ಕಂಪ್ಯೂಟರನ್ನು ಇಟ್ಟುಕೊಂಡಿದ್ದಾರೆ. ಇಂಜಿನಿಯರಿಂಗ್ ಓದುತ್ತಿರುವ ಮಗನದು ಲಿನಕ್ಸ್. ಚಿತ್ರಕಲೆಯನ್ನು ಅಭ್ಯಾಸಮಾಡುವ ಮಗಳಿಗೆ ಮ್ಯಾಕ್ ಇಲ್ಲದೆ ಕೈಯೋಡದು. ನಡುಮನೆಯ ಮೂಲೆಯಲ್ಲಿ, ಟೆಲಿವಿಷನ್ನಿನ ಹಿಂದೆ, ಎಷ್ಟೋ ವರ್ಷಗಳಿಂದ ಮಿಣುಕುತ್ತ ಕುಳಿತಿರುವುದು ಒಂದು ಪುಟ್ಟ ಡಿಸ್ಕ್ ಪೆಟ್ಟಿಗೆ. ಅದರೊಳಗೆ ಅಜ್ಜನ ಕಾಲದ ಛಾಯಾಚಿತ್ರಗಳು, ಮಕ್ಕಳ ನಾಮಕರಣದ ಚಿತ್ರಗಳು, ತೀರಿಹೋದ ಅಜ್ಜಿ ಹಾಡಿದ ಎರಡು ಸಂಪ್ರದಾಯದ ಹಾಡುಗಳ ಧ್ವನಿಮುದ್ರಣ.

ಯಜಮಾನರ ಹಳೆಯ ಕಂಪ್ಯೂಟರ್ ಕೆಟ್ಟು ಹೊಸದು ಬಂದ ದಿನದಿಂದ ಆ ಪೆಟ್ಟಿಗೆ ಯಾರಿಗೂ ಬಾಗಿಲು ತೆರೆಯುತ್ತಿಲ್ಲ. ತಂತಿ ಸರಿಯಾಗಿದೆ, ದೀಪ ಉರಿಯುತ್ತಿದೆ, ಇಂಟರ್ನೆಟ್ ಬರುತ್ತಿದೆ. ಆದರೂ ಪೆಟ್ಟಿಗೆಯ ಹೆಸರನ್ನು ಒತ್ತಿದರೆ ದೊರಕುವ ಉತ್ತರ ಒಂದೇ: ಅಂತಹ ದಾರಿಯೇ ಇಲ್ಲ! ತಂದೆ ಪೆಟ್ಟಿಗೆ ಕೆಟ್ಟಿತೆನ್ನುತ್ತಾರೆ. ಮಗ ವಿಂಡೋಸನ್ನು ದೂರುತ್ತಾನೆ. ಮಗಳು ಇಬ್ಬರನ್ನೂ ದೂರುತ್ತಾಳೆ. ತನ್ನ ತಾಯಿಯ ದನಿಯನ್ನು ಮತ್ತೊಮ್ಮೆ ಕೇಳಬೇಕೆಂದಿದ್ದ ಗೃಹಿಣಿ ಮಾತ್ರ ಏನೂ ಹೇಳದೆ ಒಳಗೆ ಹೋಗುತ್ತಾಳೆ.

ಇಂತಹ ಸಂದರ್ಭಗಳಲ್ಲಿ ಸಾಮಾನ್ಯವಾಗಿ ಯಾವ ಯಂತ್ರವೂ ಕೆಟ್ಟಿರುವುದಿಲ್ಲ. ಕೆಟ್ಟಿರುವುದು ಮಾತು.

ಒಂದು ಕಂಪ್ಯೂಟರ್ ಮತ್ತೊಂದರ ಡಿಸ್ಕನ್ನು ತಾನೇ ತೆರೆದು ಓದುವುದಿಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಅದು ಪುಸ್ತಕಭಂಡಾರದ ಕಟಕಟೆಯ ಮುಂದೆ ನಿಂತ ಓದುಗನಂತೆ. ಪುಸ್ತಕದ ಹೆಸರನ್ನು ಹೇಳುತ್ತದೆ, ಒಳಗಿರುವಾತ ತನ್ನ ಕಪಾಟಿನಿಂದ ತೆಗೆದು ಕೊಡುತ್ತಾನೆ. ಕಪಾಟು ಮರದ್ದೋ ಕಬ್ಬಿಣದ್ದೋ, ಪುಸ್ತಕಗಳನ್ನು ಯಾವ ಕ್ರಮದಲ್ಲಿ ಜೋಡಿಸಿದೆಯೋ, ಓದುಗನಿಗೆ ಬೇಕಿಲ್ಲ. ಆದರೆ ಕೇಳುವ ಮಾತು ಇಬ್ಬರಿಗೂ ಅರ್ಥವಾಗಬೇಕು. ವಿಂಡೋಸ್ ಲೋಕದಲ್ಲಿ ಆ ಮಾತಿನ ಹೆಸರು ಎಸ್.ಎಂ.ಬಿ. ಇದನ್ನು 1983ರಲ್ಲಿ ಐ.ಬಿ.ಎಂ. ಸಂಸ್ಥೆಯಲ್ಲಿ ಮೊದಲು ರೂಪಿಸಿದವರು ಬ್ಯಾರಿ ಫೈಗನ್‌ಬಾಮ್. ಅನಂತರ ಮೈಕ್ರೊಸಾಫ್ಟ್ ಸಂಸ್ಥೆ ಅದನ್ನು ಕೈಗೆತ್ತಿಕೊಂಡು ತನ್ನ ಅಗತ್ಯಕ್ಕೆ ತಕ್ಕಂತೆ ಬೆಳೆಸಿತು. ಯೂನಿಕ್ಸ್ ಯಂತ್ರಗಳ ಮನೆಮಾತೇ ಬೇರೆ. ಸನ್ ಸಂಸ್ಥೆ ರೂಪಿಸಿದ ಎನ್.ಎಫ್.ಎಸ್. ಹೀಗೆ ಒಂದೇ ಕೋಣೆಯಲ್ಲಿ ಒಂದೇ ತಂತಿಗೆ ಕಟ್ಟಿದ ಎರಡು ಯಂತ್ರಗಳು ಪರಸ್ಪರ ಮೂಕರಾಗಿ ಕುಳಿತಿರುವುದು ಆ ದಿನಗಳಲ್ಲಿ ಯಾರಿಗೂ ಸೋಜಿಗವಾಗಿರಲಿಲ್ಲ.

ಕ್ಯಾನ್‌ಬೆರಾದ ವಿದ್ಯಾರ್ಥಿ

1991ರ ಡಿಸೆಂಬರ್. ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾದಲ್ಲಿರುವ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಆಂಡ್ರೂ ಟ್ರಿಡ್ಜೆಲ್ ಎಂಬ ತರುಣ ಡಾಕ್ಟರೇಟ್ ಪದವಿಗಾಗಿ ಸಂಶೋಧನೆ ನಡೆಸುತ್ತಿದ್ದ. ಡಿಜಿಟಲ್ ಸಂಸ್ಥೆಯ ಹೊಸ ತಂತ್ರಾಂಶವೊಂದು ಪರೀಕ್ಷೆಗಾಗಿ ಅವನ ಕೈಗೆ ಬಂದಿತ್ತು. ಅದು ನಡೆಯಬೇಕಾದರೆ ಅದೇ ಸಂಸ್ಥೆಯ ‘ಪಾತ್‌ವರ್ಕ್ಸ್’ ಎಂಬ ಜಾಲವ್ಯವಸ್ಥೆ ಬೇಕು. ಪಾತ್‌ವರ್ಕ್ಸ್ ಹಾಕಿದರೆ ಅವನ ಕಡತಗಳಿದ್ದ ಸನ್ ಯಂತ್ರಗಳ ಸಂಪರ್ಕವೇ ಕಡಿದುಹೋಗುತ್ತದೆ! ಹೊಸ ನೆಂಟನನ್ನು ಒಳಗೆ ಕರೆದರೆ ಹಳೆಯ ನೆಂಟ ಎದ್ದುಹೋಗುವ ಸ್ಥಿತಿ.

ಬೇರೆ ಯಾರಾದರೂ ಆಗಿದ್ದರೆ ಹಣೆಬರಹವೆಂದು ಬಿಟ್ಟುಬಿಡುತ್ತಿದ್ದರು. ಟ್ರಿಡ್ಜೆಲ್ ಅದುವರೆಗೆ ಜಾಲಕ್ಕಾಗಿ ಒಂದೇ ಒಂದು ಪ್ರೋಗ್ರಾಂ ಬರೆದವನಲ್ಲ. ಆದರೂ, ಪಾತ್‌ವರ್ಕ್ಸ್ ತನ್ನ ಸರ್ವರಿನೊಡನೆ ಆಡುವ ಮಾತು ಅಷ್ಟೇನೂ ಕಠಿನವಿರಲಾರದೆಂಬ ಹುಚ್ಚು ಧೈರ್ಯ ಅವನಿಗೆ. ಎರಡು ಯಂತ್ರಗಳ ನಡುವೆ ಕುಳಿತು ಅವುಗಳ ಸಂಭಾಷಣೆಯನ್ನು ಒಂದಕ್ಷರವೂ ಬಿಡದೆ ದಾಖಲಿಸುವ ಪುಟ್ಟ ಪ್ರೋಗ್ರಾಂ ಬರೆದ. ಆಮೇಲೆ ಒಂದು ಕಡತವನ್ನು ತೆರೆಯುವುದು. ಏನೇನು ಅಂಕಿಗಳು ಹರಿದವೆಂದು ನೋಡುವುದು. ಒಂದನ್ನು ಓದುವುದು, ಮತ್ತೆ ನೋಡುವುದು. ಹೀಗೆ ಕೆಲವು ದಿನ ಕಳೆಯುವಷ್ಟರಲ್ಲಿ ಯಾವ ಅಂಕಿಗೆ ಯಾವ ಅರ್ಥವೆಂಬುದು ಒಂದೊಂದಾಗಿ ಹೊಳೆಯತೊಡಗಿತು. ಅರ್ಥವಾಗದ ಅಂಕಿಗಳನ್ನು ಮಂತ್ರವೆಂಬಂತೆ ಇದ್ದ ಹಾಗೆಯೇ ಒಪ್ಪಿಸಿದ. ಅವುಗಳಲ್ಲಿ ಹಲವುಗಳ ತಾತ್ಪರ್ಯ ತಿಳಿದದ್ದು ಎರಡು ವರ್ಷಗಳ ಅನಂತರ. ಅದಾಗಿ ಇನ್ನೊಂದು ವಾರದಲ್ಲಿ ಸನ್ ಯಂತ್ರದ ಕಡತಗಳು ಅವನ ಪಿ.ಸಿ.ಯಲ್ಲಿ ತೆರೆದುಕೊಂಡುವು.

ಈ ವಿಧಾನವನ್ನು ಅವನು ಮುಂದೆ ಒಂದು ಉಪಮಾನದಿಂದ ವಿವರಿಸಿದ. ಫ್ರೆಂಚ್ ಬಾರದವನು ಫ್ರಾನ್ಸಿನ ಹೋಟೆಲೊಂದರಲ್ಲಿ ಕುಳಿತು, ಪಕ್ಕದ ಮೇಜಿನವರು ಏನೆಂದು ಹೇಳಿದಾಗ ಮಾಣಿ ಏನು ತಂದಿಡುತ್ತಾನೆಂಬುದನ್ನು ಗಮನಿಸುತ್ತ ಭಾಷೆ ಕಲಿಯುವಂತೆ. ವ್ಯಾಕರಣದ ಪುಸ್ತಕವಿಲ್ಲ, ಗುರುವಿಲ್ಲ. ಕಿವಿ ಮತ್ತು ತಾಳ್ಮೆ ಎರಡೇ. ಕೂಸುಗಳೆಲ್ಲ ಮಾತು ಕಲಿಯುವುದು ಹೀಗೆಯೇ ಅಲ್ಲವೆ?

1992ರ ಜನವರಿಯಲ್ಲಿ ಪ್ರೋಗ್ರಾಮನ್ನು ಎಲ್ಲರಿಗೂ ಉಚಿತವಾಗಿ ಹಂಚಿ, ಅವನು ತನ್ನ ಪ್ರಬಂಧದ ಕೆಲಸಕ್ಕೆ ಮರಳಿದ. ಅಲ್ಲಿಗೇ ಕತೆ ಮುಗಿಯಬೇಕಾಗಿತ್ತು. ಸುಮಾರು ಎರಡು ವರ್ಷಗಳ ಮೇಲೆ ಪತ್ನಿಯ ಕಂಪ್ಯೂಟರನ್ನು ತನ್ನ ಲಿನಕ್ಸ್ ಯಂತ್ರಕ್ಕೆ ಜೋಡಿಸಬೇಕಾದ ಸಂದರ್ಭ ಬಂದಾಗ ಒಂದು ಸಂಗತಿ ಬಯಲಾಯಿತು: ತಾನು ಡಿಜಿಟಲ್ ಸಂಸ್ಥೆಯ ಮಾತೆಂದು ಕದ್ದು ಕೇಳಿ ಕಲಿತದ್ದು, ಮೈಕ್ರೊಸಾಫ್ಟಿನ ವಿಂಡೋಸ್ ಯಂತ್ರಗಳೂ ಆಡುತ್ತಿದ್ದ ಎಸ್.ಎಂ.ಬಿ. ಭಾಷೆಯೇ! ಗಂಡಹೆಂಡಿರ ಎರಡು ಕಂಪ್ಯೂಟರುಗಳ ಸಂಬಂಧ ಬೆಸೆಯಲು ಹೊರಟ ಕೆಲಸ ಲೋಕಕ್ಕೆ ಉಪಕಾರವಾಯಿತು.

ಆ ಪ್ರೋಗ್ರಾಮಿಗೆ ಮೊದಲಿದ್ದ ಹೆಸರು ಬೇರೊಂದು ಸಂಸ್ಥೆಯ ವ್ಯಾಪಾರಮುದ್ರೆಯಾಗಿದ್ದುದರಿಂದ 1994ರಲ್ಲಿ ಹೊಸ ಹೆಸರು ಹುಡುಕಬೇಕಾಯಿತು. ಎಸ್, ಎಂ, ಬಿ ಅಕ್ಷರಗಳು ಇದೇ ಕ್ರಮದಲ್ಲಿ ಬರುವ ಶಬ್ದಗಳನ್ನು ಹುಡುಕೆಂದು ಟ್ರಿಡ್ಜೆಲ್ ಕಂಪ್ಯೂಟರಿನ ನಿಘಂಟಿಗೆ ಆಜ್ಞೆಯಿತ್ತ. ಬಂದ ಉತ್ತರಗಳಲ್ಲಿ ಸಾಮನ್‌ಬೆರಿ ಎಂಬ ಹಣ್ಣಿತ್ತು, ಸ್ಕ್ರ್ಯಾಂಬಲ್ ಎಂಬ ಗಲಿಬಿಲಿಯಿತ್ತು, ಸಾಂಬಾ ಎಂಬ ಬ್ರೆಜಿಲ್ ದೇಶದ ನೃತ್ಯವೂ ಇತ್ತು. ನೃತ್ಯವೇ ಗೆದ್ದಿತು. ಇಂದು ಮನೆಗಳಲ್ಲಿ ಮಿಣುಕುತ್ತಿರುವ ಇಂತಹ ಡಿಸ್ಕ್ ಪೆಟ್ಟಿಗೆಗಳಲ್ಲಿ ಬಹುಪಾಲಿನ ಒಳಗಿರುವುದು ಲಿನಕ್ಸ್ ಮತ್ತು ಸಾಂಬಾ. ಕೃತಜ್ಞತೆ ತೋರಿಸಬಯಸುವವರು ಪಿಜ್ಜಾ ಕಳುಹಿಸಬಹುದೆಂದು ಅದರ ಕೈಪಿಡಿಯಲ್ಲಿ ಬಹುಕಾಲ ಬರೆದಿತ್ತು.

ನ್ಯಾಯಾಲಯದ ಮೆಟ್ಟಿಲು

ಕೇಳಿ ಕಲಿಯುವುದಕ್ಕೊಂದು ಮಿತಿಯಿದೆ. ಪಕ್ಕದ ಮೇಜಿನವರು ಆಡದ ಮಾತನ್ನು ಎಷ್ಟು ಹೊತ್ತು ಕುಳಿತರೂ ಕಲಿಯಲಾಗದು. ವಿಂಡೋಸಿನ ಹೊಸ ಆವೃತ್ತಿ ಬಂದಾಗಲೆಲ್ಲ ಭಾಷೆಯಲ್ಲಿ ಹೊಸ ಪದಗಳು ಸೇರುತ್ತಿದ್ದುವು. ಅವುಗಳ ಪೂರ್ಣ ವಿವರ ಹೊರಗಿನವರಿಗೆ ದೊರೆಯುತ್ತಿರಲಿಲ್ಲ. 1998ರಲ್ಲಿ ಸನ್ ಸಂಸ್ಥೆ ಯೂರೋಪಿಯನ್ ಕಮಿಷನ್ನಿಗೆ ದೂರು ಕೊಟ್ಟಿತು. 2004ರ ಮಾರ್ಚಿಯಲ್ಲಿ ಕಮಿಷನ್ ಮೈಕ್ರೊಸಾಫ್ಟಿಗೆ 49 ಕೋಟಿ 70 ಲಕ್ಷ ಯೂರೋಗೂ ಮೇಲ್ಪಟ್ಟು ದಂಡ ವಿಧಿಸಿ, ಈ ಮಾತಿನ ವಿವರಗಳನ್ನು ಹೊರಗೆಡಹಬೇಕೆಂದು ಆಜ್ಞಾಪಿಸಿತು. ಅಪೀಲು ಲಕ್ಸೆಂಬರ್ಗ್ ನಗರದ ನ್ಯಾಯಾಲಯಕ್ಕೆ ಹೋಯಿತು. ಕ್ಯಾನ್‌ಬೆರಾದ ಹಳೆಯ ವಿದ್ಯಾರ್ಥಿ ಅಲ್ಲಿಗೂ ಹೋಗಿ, ಯಂತ್ರಗಳು ಹೇಗೆ ಮಾತನಾಡುತ್ತವೆಂಬುದನ್ನು ನ್ಯಾಯಾಧೀಶರಿಗೆ ಬಿಡಿಸಿ ಹೇಳಿದ. 2007ರ ಸೆಪ್ಟೆಂಬರಿನಲ್ಲಿ ಮೈಕ್ರೊಸಾಫ್ಟ್ ಸೋತಿತು. ಅದೇ ಡಿಸೆಂಬರಿನಲ್ಲಿ ಸಾಂಬಾ ಬಳಗದ ಪರವಾಗಿ 10,000 ಯೂರೋ ಒಂದೇ ಕಂತಿನಲ್ಲಿ ಪಾವತಿಯಾಗಿ, ವ್ಯಾಕರಣದ ಪುಸ್ತಕ ಕೊನೆಗೂ ಕೈಗೆ ಬಂದಿತು. 2008ರಲ್ಲಿ ಮೈಕ್ರೊಸಾಫ್ಟ್ ತಾನಾಗಿಯೇ ಮೂವತ್ತು ಸಾವಿರ ಪುಟಗಳಷ್ಟು ವಿವರಗಳನ್ನು ಎಲ್ಲರಿಗೂ ತೆರೆದಿಟ್ಟಿತು. ಅಲ್ಲಿಂದೀಚೆಗೆ ಎರಡು ಪಕ್ಷದ ತಂತ್ರಜ್ಞರೂ ಒಟ್ಟಿಗೆ ಕುಳಿತು ಯಂತ್ರಗಳನ್ನು ಪರೀಕ್ಷಿಸುವ ಕಾಲ ಬಂದಿದೆ.

ಹಾಗಾದರೆ ನಡುಮನೆಯ ಪೆಟ್ಟಿಗೆ ಏಕೆ ಮುನಿಸಿಕೊಂಡಿದೆ?

ಎಸ್.ಎಂ.ಬಿ. ಒಂದೇ ಭಾಷೆಯಾದರೂ ಅದಕ್ಕೆ ಹಲವು ಉಪಭಾಷೆಗಳಿವೆ. ಉಪಭಾಷೆಯೆಂಬ ಮಾತನ್ನು ತಂತ್ರಜ್ಞರೇ ಬಳಸುತ್ತಾರೆ. ಎರಡು ಯಂತ್ರಗಳು ಸಂಧಿಸಿದೊಡನೆ, ಕೇಳಬಂದದ್ದು ತನಗೆ ಬರುವ ಉಪಭಾಷೆಗಳ ಪಟ್ಟಿಯನ್ನು ಒಪ್ಪಿಸುತ್ತದೆ. ಕೊಡುವುದು ಅವುಗಳಲ್ಲೊಂದನ್ನು ಆರಿಸುತ್ತದೆ. ಇಬ್ಬರಿಗೂ ಬರುವುದು ಒಂದೂ ಇಲ್ಲವಾದರೆ ಮಾತು ಅಲ್ಲಿಗೇ ನಿಂತಿತು. ಮೊದಲನೆಯ ಉಪಭಾಷೆ 1980ರ ದಶಕದ್ದು, ಕಳ್ಳಕಾಕರ ಭಯವಿಲ್ಲದ ಕಾಲದ್ದು. ಎರಡನೆಯದು ವಿಂಡೋಸ್ ವಿಸ್ಟಾದೊಡನೆ ಬಂದಿತು. ಮೂರನೆಯದು 2012ರಲ್ಲಿ, ಮಾತನ್ನು ಗುಪ್ತಲಿಪಿಯಲ್ಲಿ ಸಾಗಿಸುವ ಸಾಮರ್ಥ್ಯದೊಡನೆ.

ಮೊದಲನೆಯದರ ಶಿಥಿಲ ಬಾಗಿಲಿನ ಮೂಲಕವೇ 2017ರ ಮೇ 12ರಂದು ‘ವನ್ನಾಕ್ರೈ’ ಎಂಬ ಮಾರಿ ಹೊಕ್ಕಿತು. ಅದು ಕಂಪ್ಯೂಟರಿನಿಂದ ಕಂಪ್ಯೂಟರಿಗೆ ತಾನಾಗಿ ಹಬ್ಬಿ, ಕಡತಗಳಿಗೆಲ್ಲ ಬೀಗ ಜಡಿದು, ಬಿಡುಗಡೆಗೆ ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳನ್ನು ಮುಂದೂಡಬೇಕಾಯಿತು. ದೋಷಕ್ಕೆ ಪರಿಹಾರವನ್ನು ಮೈಕ್ರೊಸಾಫ್ಟ್ ಎರಡು ತಿಂಗಳ ಮೊದಲೇ ಹೊರಡಿಸಿತ್ತು, ಹಾಕಿಕೊಳ್ಳದವರು ಬಲಿಯಾದರು. ಅದೇ ವರ್ಷದ ಕೊನೆಯ ವಿಂಡೋಸ್ 10 ಆವೃತ್ತಿಯಿಂದ ಮೊದಲನೆಯ ಉಪಭಾಷೆಯನ್ನು ಹೊಸ ಯಂತ್ರಗಳಲ್ಲಿ ಹಾಕುವುದೇ ನಿಂತಿತು. ಲಿನಕ್ಸ್ ಕೂಡ ಅದೇ ವರ್ಷ ಹೊಸ ಉಪಭಾಷೆಯನ್ನು ರೂಢಿಯಾಗಿಸಿಕೊಂಡಿತು. 2019ರಲ್ಲಿ ಸಾಂಬಾ ಸಹ ಹಳೆಯದಕ್ಕೆ ಬೀಗ ಹಾಕಿತು. ಮೂಲೆಯ ಪೆಟ್ಟಿಗೆಗೆ ಮಾತ್ರ ಇದಾವುದೂ ತಿಳಿಯದು. ಅದಕ್ಕೆ ಬರುವುದು ಮೊದಲನೆಯ ಉಪಭಾಷೆಯೊಂದೇ. ತಯಾರಿಸಿದವರು ಅದರ ಯೋಗಕ್ಷೇಮ ವಿಚಾರಿಸುವುದನ್ನು ಬಿಟ್ಟು ವರ್ಷಗಳಾದುವು.

ಎಲ್ಲ ಮನೆಗಳ ತೊಡಕೂ ಇದೊಂದೇ ಎನ್ನುವಂತಿಲ್ಲ. ಪಟ್ಟಿಯಲ್ಲಿ ಕಾಣದಿರುವುದು ಬೇರೆ, ಇಲ್ಲದಿರುವುದು ಬೇರೆ. ಹಳೆಯ ಉಪಭಾಷೆಯ ಜೊತೆಗೆ, ನೆರೆಹೊರೆಯ ಯಂತ್ರಗಳ ಹೆಸರು ಕೂಗುವ ಹಳೆಯ ಏರ್ಪಾಡೂ ವಿಂಡೋಸಿನಿಂದ ಹೋಯಿತು. ಪಟ್ಟಿಯಲ್ಲಿ ಇಲ್ಲದ ಯಂತ್ರದ ಸಂಖ್ಯಾವಿಳಾಸವನ್ನು ನೇರವಾಗಿ ಬರೆದರೆ ಎಷ್ಟೋ ವೇಳೆ ಬಾಗಿಲು ತೆರೆಯುತ್ತದೆ. ವಿಂಡೋಸ್ ಮನೆಯ ಜಾಲವನ್ನು ಸಾರ್ವಜನಿಕ ಜಾಲವೆಂದು ಬಗೆದು ಕದ ಹಾಕಿಕೊಂಡಿರುವುದೂ ಉಂಟು. ಅದನ್ನು ಖಾಸಗಿ ಎಂದು ತಿದ್ದಬೇಕು. ಗುಪ್ತಪದದ ಗೊಂದಲ ಮತ್ತೊಂದು. ದಿನವೂ ನಾಲ್ಕು ಅಂಕಿಗಳ ಪಿನ್ ಒತ್ತಿ ವಿಂಡೋಸ್ ತೆರೆಯುವವರು ಜಾಲದಲ್ಲಿಯೂ ಅದನ್ನೇ ಕೊಡುತ್ತಾರೆ. ಅಲ್ಲಿ ಬೇಕಾದುದು ಖಾತೆಯ ನಿಜವಾದ ಗುಪ್ತಪದ. ಸಾಂಬಾ ಅಂತೂ ತನ್ನದೇ ಬೇರೊಂದು ಗುಪ್ತಪದದ ವಹಿಯನ್ನು ಇಟ್ಟುಕೊಳ್ಳುತ್ತದೆ. ಲಿನಕ್ಸಿನ ಗುಪ್ತಪದ ಸರಿಯಿದ್ದೂ ಸಾಂಬಾ ಒಳಗೆ ಬಿಡದಿದ್ದರೆ ಕಾರಣವನ್ನು ಅಲ್ಲಿಯೇ ಹುಡುಕಬೇಕು.

ಕನ್ನಡದಲ್ಲಿ ಕಡತಗಳಿಗೆ ಹೆಸರಿಡುವವರಿಗೆ ಇನ್ನೊಂದು ವಿಚಿತ್ರ ಕಾದಿದೆ. ‘ಕೋಲಾರ’ ಎಂಬ ಮಾತಿನ ಮೊದಲಕ್ಷರವನ್ನು ಗಮನಿಸಿರಿ. ಯೂನಿಕೋಡ್ ಲಿಪಿಸಂಕೇತದಲ್ಲಿ ಅದನ್ನು ಎರಡು ವಿಧವಾಗಿ ಬರೆಯಬಹುದು. ಕಕಾರದ ಮುಂದೆ ಓಕಾರಕ್ಕೆಂದೇ ಇರುವ ಒಂದು ಸಂಕೇತವನ್ನು ಇಡುವುದು ಒಂದು ವಿಧ. ಎತ್ವ, ಕೊಂಬಿನ ದೀರ್ಘ, ಕೊನೆಗೆ ದೀರ್ಘದ ಗುರುತು ಎಂದು ಮೂರು ಸಂಕೇತಗಳನ್ನಾಗಿ ಬಿಡಿಸಿಡುವುದು ಮತ್ತೊಂದು. ಹಳೆಯ ಕೂಲಿಮಠದ ಅಯ್ಯನವರು ಮಕ್ಕಳಿಗೆ ಕಾಗುಣಿತ ಹೇಳಿಸುತ್ತಿದ್ದ ಹಾಗೆ! ಮ್ಯಾಕಿನ ಹಳೆಯ ಕಡತವ್ಯವಸ್ಥೆ ಎಲ್ಲ ಹೆಸರುಗಳನ್ನೂ ಬಿಡಿಸಿ ಬರೆದಿಡುತ್ತಿತ್ತು; ವಿಂಡೋಸ್ ಮತ್ತು ಲಿನಕ್ಸ್ ಕೊಟ್ಟದ್ದನ್ನು ಕೊಟ್ಟ ಹಾಗೆಯೇ ಇಟ್ಟುಕೊಳ್ಳುತ್ತವೆ. ಕಣ್ಣಿಗೆ ಎರಡೂ ಒಂದೇ; ಲಿನಕ್ಸಿಗೆ ಅವು ಬೇರೆ ಬೇರೆ. ಹೀಗಾಗಿ ಹಳೆಯ ಮ್ಯಾಕಿನಿಂದ ನಕಲಾಗಿ ಬಂದ ಕಡತ ಪಟ್ಟಿಯಲ್ಲಿ ಕಾಣಿಸುತ್ತದೆ, ತೆರೆಯಹೋದರೆ ಇಲ್ಲವೆನ್ನಬಹುದು. ಅಥವಾ ‘ಕೋಲಾರ’ ಎಂಬ ಎರಡು ಕಡತಗಳು ಅಕ್ಕಪಕ್ಕದಲ್ಲಿ ಅವಳಿಗಳಂತೆ ಕುಳಿತಿರಬಹುದು. ಹೆಸರನ್ನು ಒಮ್ಮೆ ಹೊಸದಾಗಿ ಬರೆದರೆ ಸಾಮಾನ್ಯವಾಗಿ ಗುಣವಾಗುತ್ತದೆ. ಇಂಗ್ಲಿಷ್ ಹೆಸರುಗಳಿಗೂ ತೊಡಕು ತಪ್ಪಿದ್ದಲ್ಲ. ಲಿನಕ್ಸ್ ದೊಡ್ಡಕ್ಷರ ಚಿಕ್ಕಕ್ಷರಗಳಲ್ಲಿ ಭೇದವೆಣಿಸುತ್ತದೆ, ವಿಂಡೋಸ್ ಎಣಿಸುವುದಿಲ್ಲ. ಪ್ರಶ್ನಾರ್ಥಕ ಚಿಹ್ನೆಯಿರುವ ಹೆಸರನ್ನು ಅದು ಮುಟ್ಟುವುದೂ ಇಲ್ಲ.

ಇನ್ನು ಆ ಮನೆಯ ಪೆಟ್ಟಿಗೆ. ವಿಂಡೋಸಿಗೆ ಹಳೆಯ ಉಪಭಾಷೆಯನ್ನು ಮರಳಿ ಕಲಿಸುವ ಗುಂಡಿಯೊಂದು ಇದ್ದೇ ಇದೆ; ಅದನ್ನು ಒತ್ತಿ ಮರೆತುಬಿಡುವುದು ಹಿತ್ತಿಲ ಬಾಗಿಲನ್ನು ರಾತ್ರಿಯೆಲ್ಲ ತೆರೆದಿಟ್ಟಂತೆ. ಕ್ಷೇಮವಾದ ದಾರಿ ಮಗನ ಬಳಿಯಿದೆ. ಲಿನಕ್ಸಿನಲ್ಲಿ ಒಂದು ಸಂಪರ್ಕಕ್ಕೆ ಮಾತ್ರ, ಒಂದು ಹೊತ್ತಿಗೆ ಮಾತ್ರ, ಮೊದಲನೆಯ ಉಪಭಾಷೆಯಲ್ಲಿ ಮಾತನಾಡೆಂದು ಹೇಳಬಹುದು. ಬರೆಯಬೇಡ, ಓದು ಸಾಕು ಎಂದೂ ವಿಧಿಸಬಹುದು. ಮೊದಲು ಇಂಟರ್ನೆಟ್ಟಿನ ತಂತಿಯನ್ನು ಕಳಚಬೇಕು. ಅನಂತರ ಪೆಟ್ಟಿಗೆಯಲ್ಲಿರುವುದೆಲ್ಲವನ್ನೂ ಹೊಸ ಡಿಸ್ಕಿಗೆ, ಸಾಧ್ಯವಾದರೆ ಎರಡು ಡಿಸ್ಕುಗಳಿಗೆ, ಇಳಿಸಿಕೊಳ್ಳಬೇಕು. ಸಾವಿರಾರು ಚಿತ್ರಗಳಾದರೆ ಒಂದು ಸಂಜೆಯೆಲ್ಲ ಹಿಡಿದೀತು. ಹಾಡುಗಳು ಚಿಕ್ಕ ಕಡತಗಳು. ಅವನ್ನು ಮೊದಲು ತೆಗೆದರೆ ಗೃಹಿಣಿ ಅಷ್ಟು ಹೊತ್ತು ಕಾಯಬೇಕಾಗಿಲ್ಲ.