ಸೀಸೆ ಬೇರೆ, ಮದ್ಯಸಾರ ಒಂದೇ

ವಾರಾಹಿ ಹೊಳೆಯ ದಡದ ಹಾಲಾಡಿಯಲ್ಲಿ ಭಕ್ತರೊಬ್ಬರ ಮನೆಯ ಪೂಜೆಗೆ ಹೋಗಿದ್ದೆನು. ಪ್ರಸಾದವಾದ ಮೇಲೆ ಆ ಮನೆಯ ತಾಯಿ ಸಂಕೋಚದಿಂದಲೇ ಕೇಳಿದರು: “ಶಾಸ್ತ್ರಿಗಳೇ, ಮಗ ಕುಡಿಯುವುದು ಬಿಯರು ಮಾತ್ರವಂತೆ. ಬ್ರಾಂದಿಯ ಹಾಗಲ್ಲ, ಅದರಲ್ಲಿ ಏನೂ ಇಲ್ಲ ಎನ್ನುತ್ತಾನೆ. ನಿಜವೇ?” ಈ ಪ್ರಶ್ನೆ ಅನೇಕ ಮನೆಗಳದಾದುದರಿಂದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಕರಾವಳಿಯವರಿಗೆ ಕಳ್ಳು ಪರಿಚಿತವೇ. ಮೂರ್ತೆದಾರರು ತೆಂಗಿನ ಹೊಂಬಾಳೆಯಿಂದ ಇಳಿಸುವ ರಸ ತೊಟ್ಟಿಕ್ಕುವಾಗ ಸಿಹಿನೀರು ಮಾತ್ರ. ಗಾಳಿಯಲ್ಲೂ ಮಡಕೆಯಲ್ಲೂ ಇರುವ ಹುದುಗುಜೀವಿಗಳು ಅದರ ಸಕ್ಕರೆಯನ್ನು ತಿಂದು ಮದ್ಯಸಾರವನ್ನು ಉಂಟುಮಾಡುತ್ತವೆ. ಕೆಲವೇ ತಾಸುಗಳಲ್ಲಿ ಅದು ಶೇಕಡಾ 4-5ರಷ್ಟಾಗುತ್ತದೆ; ಇನ್ನೂ ಇಟ್ಟರೆ ಹುಳಿತು ವಿನೆಗರಾಗುತ್ತದೆ. ಆದುದರಿಂದ ಮುಂಜಾನೆಯ ಕಳ್ಳೂ ಸಂಜೆಯ ಕಳ್ಳೂ ಒಂದೇ ಅಲ್ಲ.

ಸಾಮಾನ್ಯ ಬಿಯರಿನಲ್ಲಿ ಮದ್ಯಸಾರ ಶೇಕಡಾ 5, ‘ಸ್ಟ್ರಾಂಗ್’ ಎಂಬುದರಲ್ಲಿ 8ರವರೆಗೆ, ದ್ರಾಕ್ಷಾರಸದ ವೈನಿನಲ್ಲಿ ಸುಮಾರು 12. ಶೇಕಡಾ 15ರ ಆಸುಪಾಸಿನಲ್ಲಿ ಹುದುಗುಜೀವಿಗಳು ತಾವು ಮಾಡಿದ ಮದ್ಯಸಾರದಲ್ಲಿ ತಾವೇ ಸಾಯುತ್ತವೆ. ಅದಕ್ಕಿಂತ ತೀಕ್ಷ್ಣವಾದುದು ಬೇಕಾದರೆ ಭಟ್ಟಿ ಇಳಿಸಬೇಕು. ನೀರು 100 ಡಿಗ್ರಿಯಲ್ಲಿ ಕುದಿದರೆ ಮದ್ಯಸಾರ 78 ಡಿಗ್ರಿಯಲ್ಲಿಯೇ ಕುದಿಯುವುದರಿಂದ ಅದರ ಆವಿಯನ್ನು ಬೇರ್ಪಡಿಸಬಹುದು. ನಮ್ಮ ದೇಶದ ಬ್ರಾಂದಿ, ವಿಸ್ಕಿ, ರಮ್ಮುಗಳಲ್ಲಿ ಸಾಮಾನ್ಯವಾಗಿ ಶೇಕಡಾ 42.8 ಇರುತ್ತದೆ. ಇದನ್ನೇ ಹಳೆಯ ಲೆಕ್ಕದಲ್ಲಿ 75 ಡಿಗ್ರಿ ಪ್ರೂಫ್ ಎನ್ನುವರು.

ಇಷ್ಟನ್ನೇ ನೋಡಿದರೆ ಮಗನ ಮಾತು ಸರಿಯೆನಿಸುವುದು. ಆದರೆ ದೇಹಕ್ಕೆ ತಾಗುವುದು ಶೇಕಡಾವಾರು ಅಲ್ಲ, ಹೊಟ್ಟೆಗೆ ಇಳಿದ ಒಟ್ಟು ಮದ್ಯಸಾರ. 60 ಮಿಲಿಲೀಟರಿನ ಒಂದು ದೊಡ್ಡ ಪೆಗ್ ಬ್ರಾಂದಿಯಲ್ಲಿ ಅದು ಸುಮಾರು 26 ಮಿಲಿಲೀಟರು. 650 ಮಿಲಿಲೀಟರಿನ ಒಂದು ಸಾಮಾನ್ಯ ಬಿಯರು ಸೀಸೆಯಲ್ಲಿ 32ಕ್ಕೂ ಹೆಚ್ಚು! ಶೇಕಡಾ 8ರ ಸೀಸೆಯಾದರೆ 52, ಎಂದರೆ ಎರಡು ದೊಡ್ಡ ಪೆಗ್ಗುಗಳಷ್ಟು. ಶೇಕಡಾ 5ರ ಒಂದು ಲೀಟರು ಕಳ್ಳಿನಲ್ಲಿಯೂ 50.

ಮಗನನ್ನು ಕರೆದು ಕೂರಿಸಿಕೊಂಡು ಈ ಲೆಕ್ಕವನ್ನು ಅವನಿಂದಲೇ ಮಾಡಿಸಿದೆನು. ಅವನದು ‘ಸ್ಟ್ರಾಂಗ್’ ಸೀಸೆ. ಕುಡಿದ ಮೇಲೆ ಬೈಕಿನಲ್ಲಿ ಮನೆಗೆ ಬರುವವನು. ಮೋಟಾರು ವಾಹನ ಕಾಯ್ದೆಯಂತೆ 100 ಮಿಲಿಲೀಟರು ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಅಪರಾಧವೆಂದಾಗ ಅವನು ತಲೆ ತಗ್ಗಿಸಿದನು. ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನೂ ಒಬ್ಬನು. ಹೆಂಡ ಮಾರುವ ವೃತ್ತಿಯವನನ್ನೂ ಶರಣರು ದೂರವಿಡಲಿಲ್ಲ. ನಾವೂ ಕುಡಿಯುವ ಮಗನನ್ನು ಹೀಯಾಳಿಸುವುದು ಬೇಡ, ನಿಜವನ್ನು ತಿಳಿಸೋಣ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಆದರೆ ಸಾರಾಯಿ ಹೋದರೂ ಮದ್ಯಸಾರ ಬೇರೆ ಸೀಸೆಗಳಲ್ಲಿ ಉಳಿಯಿತು. ಮದ್ಯಪಾನಕ್ಕೆ ಸುರಕ್ಷಿತವಾದ ಪ್ರಮಾಣವೆಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿದೆ.

ಒಂದು ಎಚ್ಚರಿಕೆ: ಬಹುಕಾಲದಿಂದ ನಿತ್ಯ ಹೆಚ್ಚು ಕುಡಿಯುತ್ತಿರುವವರು ಒಮ್ಮೆಲೇ ಬಿಟ್ಟರೆ ನಡುಕ, ಅಪಸ್ಮಾರ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಅಂಥವರನ್ನು ಕೋಣೆಯಲ್ಲಿ ಕೂಡಿಹಾಕದೆ ವೈದ್ಯರ ಬಳಿಗೆ ಕರೆದೊಯ್ಯಿರಿ.

ಹೊರಡುವಾಗ ಆ ಹುಡುಗ ಬಾಗಿಲವರೆಗೆ ಬಂದು, “ಲೆಕ್ಕ ತಪ್ಪಿತ್ತು, ಶಾಸ್ತ್ರಿಗಳೇ” ಎಂದನು. ಲೆಕ್ಕ ತಪ್ಪಿತ್ತೆಂದು ಒಪ್ಪಿದವನಿಗೆ ಅದನ್ನು ತಿದ್ದಿಕೊಳ್ಳುವ ದಾರಿಯೂ ಇದೆ.